ಕಣ್ಣು ಕೆತ್ತದೆ ಉಳಿದ ಹಿರಿಯ

ಪ್ರೀತಿಯ ಮುತ್ಯಾ,

ತಪ್ಪಾಯಿತು ಅಂತಲೇ ಶುರು ಮಾಡುತ್ತೇನೆ. ನೀನು ಇದ್ದಾಗ ಒಂದು ಸಾಲು ಬರೆಯದವಳು, ಹೋದ ಮೇಲೆ ಪುಟಗಟ್ಟಲೆ ಬರೆಯಲು ಕೂತಿದ್ದೇನೆ. ಐದನೇ ಇಯತ್ತೆಗೆ ಮುಧೋಳದ ಹಾಸ್ಟೆಲ್‌ಗೆ ನನ್ನನ್ನು ಬಿಡಲು ಬಂದ ದಿನ ಗೇಟಿನ ಹತ್ತಿರ ನಿಂತು ನೀನು ಕೇಳಿದ್ದು ಒಂದೇ. "ಫೋನ್‌ದಾಗ ಆಡಿದ್ದು ಗಾಳಿಗಿ ಹೋಗ್ತೈತಿ ಸಾವಿ. ತಿಂಗಳಿಗಿ ಒಂದು ಕಾಗದ ಹಾಕು, ನಾ ಬಟ್ಟು ಇಟ್ಟು ಓದ್ತೀನಿ." ನಾನು ಹೂಂ ಅಂದೆ. ಎಂಟು ವರ್ಷ ಹೂಂ ಅನ್ನುತ್ತಲೇ ಇದ್ದೆ. ಇಂಗ್ಲಿಷ್ ಮೀಡಿಯಂನಲ್ಲಿ ಕೂತು ಕೂತು ನನ್ನ ಕನ್ನಡ ಅಕ್ಷರ ಕೋಳಿ ಕೆದರಿದ ಹಾಗಾಗಿತ್ತು. ಕಲ್ಲಿನಲ್ಲಿ ಅಕ್ಷರ ಕಡೆಯುವ ಮುತ್ಯಾನಿಗೆ ಇಂಥ ಅಕ್ಷರ ಕಳಿಸುವುದು ಹೇಗೆ ಅಂತ ನಾಚಿಕೆ. ಈಗಲೂ ಅದೇ ಅಕ್ಷರ. ಆದರೆ ಈಗ ಕೇಳಬೇಕಾದ ಒಂದು ಮಾತಿದೆ, ಅದನ್ನು ಬೇರೆ ಯಾರಿಗೂ ಕೇಳುವ ಹಾಗಿಲ್ಲ.

ನೀನು ಹೋದ ದಿನ ನಾನು ಧಾರವಾಡದಲ್ಲಿ ಕಾಲೇಜಿನ ಸ್ಟುಡಿಯೋದಲ್ಲಿ ಒಂದು ಪ್ಲಾಸ್ಟರ್ ತಲೆಯ ಮುಂದೆ ಕೂತಿದ್ದೆ. ಫಸ್ಟ್ ಇಯರ್‌ನವರಿಗೆ ಅದೇ ಕೆಲಸ, ದಿನವೂ ಅದೇ ಬಿಳಿ ತಲೆ. ಯಾವ ದೇಶದ ಯಾರ ತಲೆ ಅಂತ ನಮಗ್ಯಾರಿಗೂ ಗೊತ್ತಿಲ್ಲ. ಇಂಗ್ಲಿಷರು ನಮ್ಮ ದೇಶದಲ್ಲಿ ಆರ್ಟ್ ಸ್ಕೂಲ್ ಕಟ್ಟಿದಾಗ ಇಂಥವನ್ನು ಪೆಟ್ಟಿಗೆ ಪೆಟ್ಟಿಗೆ ತಂದರಂತೆ. ಅವರು ಹೋದರು, ಅಚ್ಚಿನ ಮೇಲೆ ಅಚ್ಚಾಗಿ ತಲೆಗಳು ಉಳಿದವು. ಮೂಗು ಹಣೆಯಿಂದಲೇ ನೆಟ್ಟಗೆ ಇಳಿಯುತ್ತದೆ, ನಡುವೆ ತಗ್ಗೇ ಇಲ್ಲ. ಆ ಮೂಗಿನ ನೆರಳು ಸರಿಯಾಗಿ ಬಂತು ಅಂತ ಖುಷಿಯಲ್ಲಿದ್ದೆ, ಆಗ ಅಪ್ಪನ ಫೋನ್ ಬಂತು. ಬಸ್ಸು ಹಿಡಿದು, ಕಬ್ಬಿನ ಟ್ರ್ಯಾಕ್ಟರ್‌ಗಳ ಹಿಂದೆ ಆಮೆಯ ಹಾಗೆ ತೆವಳಿ, ಜಮಖಂಡಿ ಮುಟ್ಟುವ ಹೊತ್ತಿಗೆ ನಿನ್ನನ್ನು ಒಯ್ದಿದ್ದರು. ಶೆಡ್ಡಿನಲ್ಲಿ ನೀನು ಅರ್ಧಕ್ಕೆ ಬಿಟ್ಟ ಕಲ್ಲಿನ ಹಿರಿಯ ಕೂತಿದ್ದ. ಕಂಬಳಿ ಹೊದ್ದು, ಕೋಲು ಹಿಡಿದು, ಕಾಲ ಬಳಿ ನಾಯಿ. ಮುಖದ ಜಾಗದಲ್ಲಿ ಬರೀ ಕರಿಕಲ್ಲಿನ ಗಡ್ಡೆ.

ಹದಿಮೂರನೆಯ ದಿನ ಸಿದ್ಧಪ್ಪ ಕಾಕಾ ಬಂದ. ಗಲಗಲಿ ಕಡೆಯ ಅವನ ಊರಿನಲ್ಲಿ ಕುರಿ ಕಾಯುವ ಮನೆಗಳವರೆಲ್ಲ ಸೇರಿ, ಅಲ್ಲಿ ಮೊದಲು ಬಂದು ಹಟ್ಟಿ ಹಾಕಿದ ತಮ್ಮ ಮೂಲಪುರುಷನನ್ನು ಬೀರಪ್ಪನ ಗುಡಿಯ ಮುಂದೆ ಕೂರಿಸಬೇಕು ಅಂತ ನಿನಗೆ ಹೇಳಿದ್ದರಲ್ಲ. ಅವನು ಊಟ ಮಾಡಿ ಕೈ ತೊಳೆದು, ಸಂಕೋಚದಿಂದಲೇ ಕೇಳಿದ. "ಕಲ್ಲಿಂದು ಏನ್ ಮಾಡೂದ್ರಿ?" ಅಪ್ಪ ತಲೆ ಕೆಳಗೆ ಹಾಕಿದ. "ನಾ ಒಳಕಲ್ಲು, ಬೀಸುಕಲ್ಲು ಮಾಡಾಂವ. ಮಾರಿ ನನ್ನ ಕೈಲೆ ಆಗೂದಿಲ್ರಿ." ಆಗ ಬಾಗಿಲಲ್ಲಿ ನಿಂತಿದ್ದ ನಾನು ಯಾಕೆ ಬಾಯಿ ತೆರೆದೆನೋ. "ನಾ ಮಾಡ್ತೀನ್ರಿ ಕಾಕಾ." ಅವನು ನನ್ನನ್ನು ಮೇಲಿಂದ ಕೆಳಗೆ ನೋಡಿದ. "ನೀ ಏನ್ ಬೇ? ನಿಮ್ಮ ಸಾಲ್ಯಾಗ ಇದನ್ನ ಕಲಸ್ತಾರ?" "ಇದನ್ನ ಕಲಸ್ತಾರ್ರಿ," ಅಂದೆ. ಅದು ಸುಳ್ಳಾಗಿತ್ತೇ ಮುತ್ಯಾ? ಆವತ್ತು ನನಗೆ ಖರೆಯೇ ಅನಿಸಿತ್ತು.

ಆ ಧೈರ್ಯ ಎಲ್ಲಿಂದ ಬಂತು ಅಂದರೆ ನಗಬೇಡ. ನೀನು ಹೋಗುವ ಹಿಂದಿನ ವಾರ ಆರ್ಟ್ ಹಿಸ್ಟರಿ ಮೇಡಂ ಸೆಮಿನಾರ್‌ಗೆ ಚೀಟಿ ಎತ್ತಿಸಿದ್ದರು. ನನಗೆ ಬಂದದ್ದು ಜೆಕ್ ಶಿಲ್ಪ. ಆ ದೇಶ ಮ್ಯಾಪಿನಲ್ಲಿ ಎಲ್ಲಿದೆ ಅಂತಲೂ ಗೊತ್ತಿರಲಿಲ್ಲ. ನಿನ್ನ ಹದಿಮೂರು ದಿನದ ಕರ್ಮ ಮುಗಿಯುವ ತನಕ ನಾನು ಮನೆಯಲ್ಲೇ ಇದ್ದೆನಲ್ಲ, ಅತ್ತವರ ನಡುವೆ ಕೂತು ಅದನ್ನೇ ಓದಿದೆ. ಬೊಹೇಮಿಯಾ ಅಂತ ಒಂದು ನಾಡು, ಜೆಕ್ ಮಂದಿಯದು. ತಲೆತಲಾಂತರದಿಂದ ವಿಯೆನ್ನಾದ ಚಕ್ರವರ್ತಿಗಳ ಕೈಕೆಳಗೆ. ಕಚೇರಿಯಲ್ಲಿ, ದೊಡ್ಡ ಸಾಲೆಗಳಲ್ಲಿ ಜರ್ಮನ್. ಅಡುಗೆಮನೆಯಲ್ಲಿ, ಹೊಲದಲ್ಲಿ ಜೆಕ್. ಸಂಸ್ಥಾನದ ಕಾಲದಲ್ಲಿ ನಿಮ್ಮಪ್ಪ ರಾಜರ ವಾಡೆಯ ಮೆಟ್ಟಿಲ ಕೆಳಗೆ ಚಪ್ಪಲಿಯ ಜೊತೆ ಕನ್ನಡವನ್ನೂ ಬಿಟ್ಟು ಮರಾಠಿಯಲ್ಲಿ ಕೈಮುಗಿಯುತ್ತಿದ್ದ ಅಂತ ನೀನು ಹೇಳುತ್ತಿದ್ದೆಯಲ್ಲ, ಹಾಗೆ.

ಓದುತ್ತಾ ಹೋದಂತೆ ನನಗೆ ಅದು ನಮ್ಮ ಶೆಡ್ಡಿನ ಕಥೆಯೇ ಅನಿಸತೊಡಗಿತು. ಅಲ್ಲಿಯ ಶಿಲ್ಪಿಗಳು ಕಲಿತದ್ದು ಚಕ್ರವರ್ತಿಯ ಸಾಲೆಯ ಪಾಠ, ನಾನು ಬರೆಯುವಂಥದೇ ಬಿಳಿ ಪ್ಲಾಸ್ಟರ್ ತಲೆಗಳ ಮುಂದೆ ಕೂತು. ಆದರೆ ಕೆತ್ತಿದ್ದು ತಮ್ಮ ಮಂದಿಯ ಕಥೆಗಳನ್ನು. ಹೊಲದಲ್ಲಿ ನೇಗಿಲು ಹಿಡಿದಿದ್ದವನನ್ನು ಕರೆತಂದು ರಾಜನನ್ನಾಗಿ ಮಾಡಿದ ಕಥೆ, ಊರು ಹುಟ್ಟುವ ಮುಂಚೆಯೇ ಆ ಊರನ್ನು ಕಣ್ಣಾರೆ ಕಂಡು ಹೇಳಿದ ಹೆಣ್ಣಿನ ಕಥೆ. ಪ್ರಾಗ್ ಎಂಬ ಊರಿನ ಸೇತುವೆಯ ಮೇಲೆ ಅಂಥವರನ್ನು ಜೋಡಿ ಜೋಡಿಯಾಗಿ ನಿಲ್ಲಿಸಿದರು. ತಮ್ಮ ಭಾಷೆಯ ನಾಟಕಮಂದಿರ ಕಟ್ಟುವಾಗ ನಾಡಿನ ಬೇರೆ ಬೇರೆ ಗುಡ್ಡಗಳಿಂದ ಅಡಿಪಾಯಕ್ಕೆ ಕಲ್ಲು ತಂದರಂತೆ, ಮೆರವಣಿಗೆ ಮಾಡಿ. ನಿನಗೆ ಇದು ಗೊತ್ತಿದ್ದರೆ ಎಷ್ಟು ಖುಷಿಪಡುತ್ತಿದ್ದೆಯೋ. ಕೈ ಯಾರು ತಿದ್ದಿದರೇನು, ಕೆತ್ತಿದ್ದು ನಮ್ಮದಾದರೆ ಸಾಕು ಅಂತ ನೋಟ್‌ಬುಕ್‌ನಲ್ಲಿ ದೊಡ್ಡದಾಗಿ ಬರೆದು ಕೆಳಗೆ ಎರಡು ಗೆರೆ ಎಳೆದೆ. ಸಿದ್ಧಪ್ಪ ಕಾಕಾನ ಮುಂದೆ ಬಾಯಿ ತೆರೆಸಿದ್ದು ಆ ಎರಡು ಗೆರೆ.

ಸೆಮಿನಾರ್‌ನ ದಿನ ಇಂಗ್ಲಿಷ್‌ನಲ್ಲಿ ಶುರು ಮಾಡಿ, ತೊದಲಿ, ಕನ್ನಡಕ್ಕೆ ಜಾರಿದೆ. ಹಿಂದಿನ ಬೆಂಚಿನಿಂದ ಯಾರೋ "ಯಾವ ದೇಶದ ಟೂರಿಗಿ ಹೊಂಟೀದಿ ಬೇ, ಜಮಖಂಡಿ ಮ್ಯಾಲಿಂದ ಹೋಗ್ತಿ ಏನ?" ಅಂದ. ಎಲ್ಲರೂ ನಕ್ಕರು. ಮೇಡಂ ನಗಲಿಲ್ಲ. ಕೊನೆಗೆ ಅವರು ಹೇಳಿದ್ದು ಇಷ್ಟೇ: "ಚೆನ್ನಾಗಿ ಓದಿದ್ದೀಯ. ಅವರು ಏನನ್ನು ಎದುರಿಸಿದರು ಅಂತ ಹೇಳಿದೆ. ಏನನ್ನು ಮರೆಯೋಕೆ ಆಗಲಿಲ್ಲ ಅಂತ ಹೇಳಲೇ ಇಲ್ಲ." ಆಮೇಲೆ ಫೋಟೋಗಳನ್ನು ಮತ್ತೆ ನೋಡಿದೆ. ನೇಗಿಲ ಹುಡುಗನ ತೋಳು, ಭವಿಷ್ಯ ಕಂಡ ಹೆಣ್ಣಿನ ಮೂಗು, ಎಲ್ಲ ನಮ್ಮ ಸ್ಟುಡಿಯೋದ ಪ್ಲಾಸ್ಟರ್‌ನವೇ ಅನಿಸಿತು. ಚಕ್ರವರ್ತಿಗೆ ಬೆನ್ನು ಮಾಡಿ ನಿಂತವರ ಬೆನ್ನನ್ನೂ ಚಕ್ರವರ್ತಿಯ ಸಾಲೆಯೇ ತಿದ್ದಿತ್ತು. ವಿಯೆನ್ನಾ ಬೇಡವಾದವರು ಮುಂದೆ ಪ್ಯಾರಿಸ್ ಕಡೆ ನೋಡಿದರಂತೆ, ಒಬ್ಬ ಮಾವನ ಮನೆ ಸಾಕಾಗಿ ಇನ್ನೊಬ್ಬ ಮಾವನ ಮನೆಗೆ ಗಂಟು ಹೊತ್ತ ಹಾಗೆ. ಆದರೂ ಅಲ್ಲಿಯ ಜನ ಅವುಗಳನ್ನು ನಮ್ಮವು ಅಂದರಲ್ಲ? ಆ ಒಂದು ಮಾತನ್ನು ಹಿಡಿದುಕೊಂಡು ನಾನು ರಜೆಗೆ ಊರಿಗೆ ಬಂದೆ.

ಬಚ್ಚಲ ಪಕ್ಕದಲ್ಲಿ ಇರುವ ರಾಣಿಯ ತಲೆಯ ಕಥೆಯನ್ನು ನೀನು ನನಗೆ ಎಷ್ಟು ಸಲ ಹೇಳಿರಬಹುದು? ನಿಮ್ಮಪ್ಪನಿಗೆ ಸಂಸ್ಥಾನದ ಒಬ್ಬ ಕಾರಭಾರಿ ಫೋಟೋ ಕೊಟ್ಟು, ವಿಲಾಯತಿ ರಾಣಿಯ ತಲೆ ಕಡಿ ಅಂದ. ಆತ ತಿಂಗಳುಗಟ್ಟಲೆ ಕೂತು ಕಿರೀಟ, ಕೂದಲು, ಕೊರಳು ಎಲ್ಲ ಫೋಟೋದ ಹಾಗೇ ಮಾಡಿದ. ಮೂಗಿಗೆ ಬಂದಾಗ ಕೈ ನಿಂತಿತು. ಅಷ್ಟು ದೊಡ್ಡ ಮನೆತನದ ಹೆಣ್ಣುಮಗಳ ಮೂಗು ಬೋಳಾಗಿ ಹೇಗೆ ಬಿಡುವುದು? ನತ್ತು ಹಾಕಲು ಎಡಕ್ಕೆ ಒಂದು ತೂತು ಕೊರೆದುಬಿಟ್ಟ. ಕಾರಭಾರಿ ನೋಡಿ "ಹೀ ರಾಣೀ ಕಾ ತುಝೀ ಬಾಯಕೋ?" ಅಂತ ಮರಾಠಿಯಲ್ಲಿ ಕೇಳಿದನಂತೆ, ಇವಳು ರಾಣಿಯೋ ನಿನ್ನ ಹೆಂಡತಿಯೋ ಅಂತ. ತಲೆ ವಾಪಸು ಬಂತು. ಅದರ ಮೇಲೆ ನಮ್ಮ ಅವ್ವ ಇವತ್ತೂ ಒದ್ದೆ ಬಟ್ಟೆ ಇಡುತ್ತಾಳೆ. ಹೇಳಿ ನೀನು ಕೆಮ್ಮು ಬರುವ ತನಕ ನಗುತ್ತಿದ್ದೆ. ನಾನು ಅದನ್ನು ಅಡ್ಡಾದಿಡ್ಡಿ ಹಳ್ಳಿ ಕೆಲಸ ಅಂತಲೇ ತಿಳಿದಿದ್ದೆ. ತಪ್ಪು ಮಾಡಲಿಕ್ಕೂ ಒಂದು ಕೈ ಬೇಕು, ಸ್ವಂತದ್ದು, ಅಂತ ಹೊಳೆದಿದ್ದು ಈಗ.

ರಜೆಯ ಮೊದಲನೇ ದಿನ ಸ್ಕೆಚ್‌ಬುಕ್ ಹಿಡಿದು ಸಿದ್ಧಪ್ಪ ಕಾಕಾನ ಊರಿಗೆ ಹೋದೆ. ಹಟ್ಟಿಯ ಪಕ್ಕದಲ್ಲಿ ಅವನನ್ನು ಕೂರಿಸಿ ಮುಖ ಬರೆದುಕೊಂಡೆ. ಆ ಜೆಕ್ ಶಿಲ್ಪಿಗಳೂ ಹೀಗೇ ಹಳ್ಳಿಗೆ ಹೋಗಿ ರೈತರ ಮುಖ ನೋಡಿ ಬಂದಿರಬೇಕು ಅಂದುಕೊಂಡು ಒಳಗೊಳಗೇ ಬೀಗಿದೆ. ಆಮೇಲೆ ಇಪ್ಪತ್ತು ದಿನ ಶೆಡ್ಡಿನಲ್ಲಿ ನಿನ್ನ ಜಾಗದಲ್ಲಿ, ನಿನ್ನ ಗೋಣಿಚೀಲದ ಮೇಲೆ ಕೂತು, ನಿನ್ನ ಉಳಿಯಿಂದಲೇ ಕಡಿದೆ. ಕಾಲೇಜಿನ ಕ್ಯಾಲಿಪರ್‌ನಲ್ಲಿ ಅಳೆದು ಅಳೆದು. ಗಡ್ಡೆ ದೊಡ್ಡದಿದೆ ಅನಿಸಿ ಸುತ್ತಲೂ ಇಳಿಸಿದೆ, ತಲೆ ಹೆಗಲಿನ ಮೇಲೆ ಹಗುರಾಗಿ ಕೂತಿತು. ಕೆನ್ನೆಯ ಎಲುಬು, ತುಟಿಯ ಅಂಚು, ಎಲ್ಲ ಮೇಡಂ ನೋಡಿದರೆ ತಲೆದೂಗುವ ಹಾಗೆ. ಅಪ್ಪ ಚಹಾ ತಂದುಕೊಟ್ಟು ನಿಂತು ನೋಡುತ್ತಿದ್ದ, ಏನೂ ಅನ್ನುತ್ತಿರಲಿಲ್ಲ. ಹೆಮ್ಮೆಯಿಂದ ಸುಮ್ಮನಿದ್ದಾನೆ ಅಂತ ನಾನು ತಿಳಿದೆ. ಕಣ್ಣು ಮಾತ್ರ ಮುಟ್ಟಲಿಲ್ಲ. ಕಣ್ಣು ಕೊನೆಗೆ, ಕಲ್ಲು ಕೊಡುವ ದಿನ, ಕಡಿಯುವವ ಉಪವಾಸವಿದ್ದು ತೆರೆಯಬೇಕು ಅನ್ನುವಷ್ಟು ನನಗೂ ಗೊತ್ತಿತ್ತು.

ಮೊನ್ನೆ ಸಿದ್ಧಪ್ಪ ಕಾಕಾ ಅವನ ಅಕ್ಕನನ್ನು ಕರೆದುಕೊಂಡು ನೋಡಲು ಬಂದ. ಯಲ್ಲವ್ವ ಅಂತ, ಹಲ್ಲಿಲ್ಲದ ಮುದುಕಿ, ನಾಲಿಗೆ ಮಾತ್ರ ಚೂಪು. ನಾನು ಗೋಣಿ ಸರಿಸಿದೆ. ಕಾಕಾ ಮೊದಲು ನಾಯಿಯ ಮುಂದೆ ಕುಕ್ಕರುಗಾಲಲ್ಲಿ ಕೂತ. ಅದರ ತೆಳ್ಳನೆಯ ಹೊಟ್ಟೆ, ಉದ್ದ ಮೂತಿಯ ಮೇಲೆ ಕೈಯಾಡಿಸಿದ. "ಏ, ಇದು ನಮ್ಮ ನಾಯಿನ ಐತಿ. ಕರದ್ರ ಬರ್ತೈತಿ ನೋಡ್." ಆಮೇಲೆ ತಲೆ ಎತ್ತಿದ. ಮುಖ ನೋಡಿದ.

"ನಾಯಿ ನಮ್ದು," ಅಂದ. "ಮನಶ್ಯಾ ಯಾರಂವ?"

ನಾನು ನಕ್ಕೆ, ತಮಾಷೆ ಅಂದುಕೊಂಡು. ಅವನು ನಗಲಿಲ್ಲ. ಯಲ್ಲವ್ವ ಹತ್ತಿರ ಬಂದು ಸೆರಗು ಬಾಯಿಗೆ ಹಿಡಿದಳು. "ಯವ್ವಾ, ಇಂವ ಯಾರೋ ಸಾಹೇಬ ಅದಾನ. ನಮ್ಮ ಕಂಬಳಿ ತಗೊಂಡು ಹೊತ್ಕೊಂಡು ಕುಂತಾನ. ಚಳಿ ಆಗಿರಬೇಕು ಪಾಪ!"

"ಸುಮ್ನಿರ ಅಕ್ಕಾ," ಅಂದ ಕಾಕಾ.

"ಸುಮ್ನ ಯಾಕ? ಕುರಿ ಎಣಸಾಕ ಬಂದಾಂವ ಇರ್ತಾನ ಹಿಂಗ. ಕುರಿ ಕಾಯಾಂವ ಇರೂದಿಲ್ಲ."

ಅಪ್ಪ ಆ ಕಡೆ ಮುಖ ತಿರುಗಿಸಿದ. ಅವನಿಗೂ ಗೊತ್ತಿತ್ತು ಮುತ್ಯಾ. ಅಷ್ಟು ದಿನ ಚಹಾ ಕೊಟ್ಟು ಸುಮ್ಮನೆ ನಿಂತದ್ದು ಹೆಮ್ಮೆಯಿಂದಲ್ಲ. ನಾನು ಹೇಳಿದೆ, "ಕಾಕಾ, ನಿಮ್ಮ ಮಾರಿನ ನೋಡಿ ಮಾಡೀನ್ರಿ. ನಿಮ್ಮ ಮುಂದ ಕುಂತು ಬರಕೊಂಡೀನಿ." ಅವನು ತನ್ನ ಮೂಗನ್ನು ತಾನೇ ಮುಟ್ಟಿ ನೋಡಿಕೊಂಡ, ಕಲ್ಲಿನದನ್ನೂ ಮುಟ್ಟಿದ. ಸ್ಕೆಚ್‌ಬುಕ್ ತಂದು ತೆಗೆದೆ. ಅದರಲ್ಲೂ ಮೂಗು ಹಣೆಯಿಂದಲೇ ನೆಟ್ಟಗೆ ಇಳಿದಿತ್ತು. ಅವನನ್ನು ಎದುರಿಗೆ ಕೂರಿಸಿಕೊಂಡೂ ನಾನು ನೋಡಿದ್ದು ಆ ಪ್ಲಾಸ್ಟರ್ ತಲೆಯನ್ನೇ. ಕಣ್ಣೇ ಹೀಗಾದ ಮೇಲೆ ಕೈ ಏನು ಮಾಡೀತು?

ಆಮೇಲೆ ಅವನು ಕೇಳಿದ್ದು ಇನ್ನೂ ಕಿವಿಯಲ್ಲಿದೆ. "ನನ್ನ ಹೆಬ್ಬಟ್ಟಿನ ದಾರ ಎಲ್ಲೈತಿ ತಂಗಿ? ಅದನ್ನ ಹಿಡದು ಮಾಡಿದೇನ ಇಲ್ಲ?" ಯಾವ ದಾರ ಅಂದೆ. ಅವನೇ ಹೇಳಿದ. ಕಲ್ಲು ಮಾಡಿಸುವವರ ಯಜಮಾನನ ಹೆಬ್ಬೆರಳಿನ ಅಗಲವನ್ನು ದಾರದಲ್ಲಿ ತೆಗೆದು, ಗಂಟಿನ ಪಕ್ಕ ಗಂಟು ಹಾಕಿ, ಮುಖಕ್ಕೆ ಹನ್ನೆರಡು, ಹಣೆಗೆ ಇಷ್ಟು, ಮೂಗಿಗೆ ಇಷ್ಟು ಅಂತ ನೀನು ಲೆಕ್ಕ ಇಡುತ್ತಿದ್ದೆಯಂತೆ. ಅವರ ಬೆರಳಿನಿಂದ ಹುಟ್ಟಿದ ಮುಖ ಅವರ ಮುಖವೇ ಆಗುತ್ತದೆ ಅಂತ. ಬನಹಟ್ಟಿಯ ಮಗ್ಗದ ನೂಲಿನಲ್ಲಿ ಗಂಟು ಹಾಕಿ ಅವನೆದುರಿಗೇ ಗೂಟಕ್ಕೆ ತೂಗುಹಾಕಿದ್ದೆಯಂತೆ. ಮುತ್ಯಾ, ಆ ದಾರ ನನಗೆ ಗೊತ್ತು. ನಿನ್ನ ಹದಿಮೂರು ದಿನಗಳಲ್ಲಿ ಸೆಮಿನಾರ್‌ನ ಚಾರ್ಟ್ ಸುತ್ತಿ ಕಟ್ಟಲು ಏನಾದರೂ ಬೇಕಿತ್ತು. ಗೂಟದಲ್ಲಿ ಹಳೆಯ ನೂಲು ಜೋತಿತ್ತು. ಗಂಟುಗಂಟಾಗಿದೆ, ಬೇಡವಾದದ್ದು ಅಂತ ಬ್ಲೇಡಿನಿಂದ ಎರಡು ತುಂಡು ಮಾಡಿ, ಪ್ರಾಗ್‌ನ ಸೇತುವೆಯ ಫೋಟೋಗಳ ಸುತ್ತ ಬಿಗಿದು ಧಾರವಾಡಕ್ಕೆ ಒಯ್ದೆ. ಸೆಮಿನಾರ್ ಮುಗಿದ ಮೇಲೆ ಅದನ್ನು ಎಲ್ಲಿ ಒಗೆದೆನೋ...

ನೀನು ದಾರ ಹಾಕುವುದನ್ನು ನಾನು ಒಮ್ಮೆಯೂ ನೋಡಿರಲಿಲ್ಲ ಅಂದರೆ ನಂಬುತ್ತೀಯಾ? ಗಿರಾಕಿ ಬಂದು ಕೂತಾಗೆಲ್ಲ ನಾನು ಹಾಸ್ಟೆಲ್‌ನಲ್ಲಿ ಇರುತ್ತಿದ್ದೆ, ರಜೆಗೆ ಬಂದರೆ ಪುಸ್ತಕದಲ್ಲಿ. "ಬಾ, ನೋಡು" ಅಂತ ನೀನು ಕರೆದಾಗ "ಒಂದು ಚಾಪ್ಟರ್ ಐತಿ ಮುತ್ಯಾ" ಅನ್ನುತ್ತಿದ್ದೆ. ಕಾಕಾ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಹೆಬ್ಬೆರಳು ಮುಂದೆ ಹಿಡಿದು "ತಗೋ, ಇನ್ನೊಮ್ಮೆ ಅಳಿ" ಅಂದ. ಅಪ್ಪ ದಾರ ತಂದ. ಅವನ ಹೆಬ್ಬೆರಳಿನ ಅಗಲಕ್ಕೆ ಗಂಟು ಹಾಕಿ ಹಣೆಯಿಂದ ಗದ್ದಕ್ಕೆ ಹಿಡಿದೆ. ಹನ್ನೆರಡು ಬರಬೇಕಾದಲ್ಲಿ ಹತ್ತು ಮತ್ತು ಚೂರು. ನಿನ್ನ ಕಂಬಳಿ, ನಿನ್ನ ಹೆಗಲು, ನಿನ್ನ ನಾಯಿ ಎಲ್ಲ ಆ ಬೆರಳಿನ ಲೆಕ್ಕದ್ದು. ತಲೆ ಒಂದೇ ಯಾರ ಬೆರಳಿನದೂ ಅಲ್ಲ. ಕಲ್ಲಿನಲ್ಲಿ ತೆಗೆಯಬಹುದು, ಹಚ್ಚಲಿಕ್ಕೆ ಬರುವುದಿಲ್ಲ. ಇಪ್ಪತ್ತು ದಿನ ನಾನು ಹಗುರ ಮಾಡಿದೆ ಅಂದುಕೊಂಡದ್ದು, ಅವರ ಹಿರಿಯನಿಂದ ಎರಡು ಬೆರಳು ಕದ್ದದ್ದು.

ಹೋಗುವಾಗ ಕಾಕಾ ಹೇಳಿದ ಮಾತು ಅದಕ್ಕಿಂತ ಭಾರ. "ಇರ್ಲಿ ತಂಗಿ. ಮುತ್ಯಾನ ಕೈ ಬಿದ್ದ ಕಲ್ಲು ಐತಿ, ಬಿಟ್ಟು ಹೋಗಾಕ ಬರೂದಿಲ್ಲ. ಸೋಮವಾರ ಗಾಡಿ ತರ್ತೀವಿ. ಕಣ್ಣು ತೆಗದು ಕೊಡು." ನಿನ್ನ ಮುಲಾಜಿಗೆ ಒಯ್ಯುತ್ತಾರೆ. ಇನ್ನು ಮೇಲೆ ಅವರ ಮಕ್ಕಳು, ಮೊಮ್ಮಕ್ಕಳು ದಿನವೂ ಆ ಸಾಹೇಬನಿಗೆ ಎಣ್ಣೆ ಹಚ್ಚಿ ಕೈಮುಗಿಯುತ್ತಾರೆ. ನೋಡಿ ನೋಡಿ, ನಮ್ಮ ಹಿರಿಯ ಹೀಗೇ ಇದ್ದ ಅಂತ ಅಂದುಕೊಳ್ಳುತ್ತಾರೆ. ಜೆಕ್ ಜನ ನಮ್ಮವು ಅಂದದ್ದು ಹೀಗೇ ಏನು ಮುತ್ಯಾ? ಒಪ್ಪಿ ಅಂದರೋ, ಬೇರೆ ಮುಖ ಯಾವುದೂ ಉಳಿದಿಲ್ಲ ಅಂತ ಅಂದರೋ? ಯಾವ ಪುಸ್ತಕದಲ್ಲೂ ಅದು ನನಗೆ ಸಿಗಲಿಲ್ಲ. ಸಾಮ್ರಾಜ್ಯ ಬಿದ್ದ ಕೂಡಲೇ ಪ್ರಾಗ್‌ನ ಜನ ಚೌಕದಲ್ಲಿದ್ದ ಒಂದು ಹಳೆಯ ಕಂಬವನ್ನು ಹಗ್ಗ ಹಾಕಿ ಎಳೆದು ಕೆಡವಿದರಂತೆ. ನೂರು ವರ್ಷ ಕಳೆದು ಅದರಂಥದೇ ಇನ್ನೊಂದನ್ನು ಕೆತ್ತಿ ಅಲ್ಲೇ ನಿಲ್ಲಿಸಿದರಂತೆ. ಅವರಿಗೆ ನೂರು ವರ್ಷವಿತ್ತು. ನನಗೆ ಇರುವುದು ನಾಳೆ ಮತ್ತು ನಾಡಿದ್ದು.

ನಿನಗೆ ತಿಳಿಯದ ಸುದ್ದಿ ಇದಿಷ್ಟು. ಇನ್ನು ಕೇಳಬೇಕಾದದ್ದು. ಕಣ್ಣಿನ ಜಾಗದಲ್ಲಿ ಮಾತ್ರ ಕಲ್ಲು ದಪ್ಪ ಉಳಿದಿದೆ, ಎರಡು ಬಗೆಯಲ್ಲೂ ಕೆತ್ತುವಷ್ಟು. ನೀನು ಮಾಡುತ್ತಿದ್ದ ಹಾಗೆ ಅಗಲವಾಗಿ, ರೆಪ್ಪೆ ದಪ್ಪಗೆ ಬಿಟ್ಟು, ಎದುರು ನಿಂತವರನ್ನು ಬಿಡದೆ ನೋಡುವ ಕಣ್ಣು ಮಾಡಿದರೆ, ಅಷ್ಟಾದರೂ ಅವರದು ಆಗುತ್ತದೆ. ಆದರೆ ಈ ಮೂಗಿನ ಎರಡೂ ಪಕ್ಕ ಆ ಕಣ್ಣು ಇಟ್ಟರೆ ಒಂದೇ ಮುಖದಲ್ಲಿ ಇಬ್ಬರು ಅಪರಿಚಿತರು ಕೂತ ಹಾಗಾಗುತ್ತದೆ. ಕಾಲೇಜು ಕಲಿಸಿದ ಕಣ್ಣು ಇಟ್ಟರೆ ಮುಖ ಒಂದಾಗುತ್ತದೆ, ಪೂರ್ತಿ ಒಬ್ಬನದೇ ಆಗುತ್ತದೆ, ಆ ಒಬ್ಬ ಅವರವನಲ್ಲ. ಮೂರನೆಯ ದಾರಿಯೂ ಒಂದಿದೆ. ಕಣ್ಣು ತೆರೆಯದೆ ಕೊಟ್ಟರೆ ಅದು ದೇವರಾಗುವುದಿಲ್ಲ, ಬರೀ ಕಲ್ಲು, ಗುಡಿಯ ಮುಂದೆ ಕೂರಿಸುವ ಹಾಗಿಲ್ಲ. ಅವರಿಗೆ ಹಿರಿಯನೇ ಇಲ್ಲದ ಹಾಗೆ ಮಾಡುವುದು ಸರಿಯೋ, ತಪ್ಪು ಹಿರಿಯನನ್ನು ಕೊಡುವುದು ಸರಿಯೋ? ಅಪ್ಪನನ್ನು ಕೇಳಿದರೆ "ನಿನಗ ತಿಳೀತೈತಿ" ಅಂತಾನೆ. ನನಗೆ ತಿಳಿಯುವುದಿಲ್ಲ ಮುತ್ಯಾ. ಕೈಯಲ್ಲಿ ಉಳಿ ಹಿಡಿದರೆ ಅದು ಯಾರ ಕೈ ಅಂತಲೂ ತಿಳಿಯುವುದಿಲ್ಲ.

ಸೋಮವಾರ ಬೆಳಿಗ್ಗೆ ಗಾಡಿ ಬರುತ್ತದೆ. ಯಾವ ಕಣ್ಣು ಕೆತ್ತಲಿ, ಕೆತ್ತಲೋ ಬೇಡವೋ, ಒಂದು ಸಾಲು ಸಾಕು. ದಯವಿಟ್ಟು ಬೇಗ ಉತ್ತರ ಬರಿ.

ನಿನ್ನ
ಸಾವಿ